ವೈರ್‌ಲೆಸ್ ಮೈಕಿನ ಕರಕರ: ತೆರವಾದ ತರಂಗಾಂತರ ಹುಡುಕುವ ಬಗೆ

ಶಿರಸಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮಳೆಗಾಲ ಮುಗಿದರೆ ಯಕ್ಷಗಾನ, ನಾಟಕಗಳ ಸುಗ್ಗಿ. ಆಟದ ನಡುವೆ ವೈರ್‌ಲೆಸ್ ಮೈಕ್ ಕರಕರ ಎಂದರೆ ನಷ್ಟ ಸಣ್ಣದಲ್ಲ. ಯಕ್ಷಗಾನದ ಅರ್ಥವನ್ನು ಕಲಾವಿದ ರಂಗದ ಮೇಲೆಯೇ ಆಶುವಾಗಿ ಕಟ್ಟುತ್ತಾನೆ. ಕೇಳದೆ ಹೋದ ಮಾತು ಹೋದಂತೆಯೇ.

ಇಂತಹ ಮೈಕುಗಳು ಹೆಚ್ಚಾಗಿ 470 ಮೆಗಾಹರ್ಟ್ಸ್‌ನಿಂದ ಮೇಲಿನ ಯುಎಚ್‌ಎಫ್ ತರಂಗಗಳನ್ನು ಬಳಸುತ್ತವೆ. ಹಿಂದೆ ಇದು ಟಿ.ವಿ. ಪ್ರಸಾರದ ನೆಲೆಯೂ ಆಗಿತ್ತು. ದೂರದರ್ಶನವು 2022ರ ವೇಳೆಗೆ ತನ್ನ ಬಹುತೇಕ ಅನಲಾಗ್ ಮರುಪ್ರಸಾರ ಕೇಂದ್ರಗಳನ್ನು ನಿಲ್ಲಿಸಿದ್ದರಿಂದ ಕೆಳಭಾಗ ಸಾಕಷ್ಟು ತೆರವಾಗಿದೆ. ಆದರೆ ಮೇಲ್ಭಾಗ ಮೊಬೈಲ್ ಸೇವೆಯ ಪಾಲಾಗಿದೆ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯ ತರಂಗಗುಚ್ಛವನ್ನು ರಿಲಯನ್ಸ್ ಜಿಯೊ ಪಡೆಯಿತು. 703ರಿಂದ 748 ಹಾಗೂ 758ರಿಂದ 803ರ ನಡುವೆ ಕೆಲಸ ಮಾಡುವ ಹಳೆಯ ಸೆಟ್ಟುಗಳು ಮೊಬೈಲ್ ಗೋಪುರ, ಪ್ರೇಕ್ಷಕರ ಫೋನುಗಳೊಂದಿಗೆ ಸೆಣಸಬೇಕಾದೀತು. ಹಳೆಯ ಸೆಟ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಅದರ ಬೆನ್ನಿನ ಮೇಲಿರುವ ಅಂಕಿಯನ್ನು ಓದುವುದು ಲೇಸು. 2.4 ಗಿಗಾಹರ್ಟ್ಸ್ ಮೈಕುಗಳಿಗೆ ವೈ-ಫೈ, ಬ್ಲೂಟೂತ್‌ಗಳ ಕಾಟ. ಸಣ್ಣ ಸಭೆಗೆ ಅವು ನಡೆದಾವು, ಜಾತ್ರೆಗೆ ಅಲ್ಲ.

ಹೊರಗಿನ ಕಾಟಕ್ಕಿಂತ ಮೈಕುಗಳ ಒಳಜಗಳವೇ ಅನೇಕ ಸಲ ಹೆಚ್ಚು. ಎರಡು ಮೈಕುಗಳು 600.0 ಮತ್ತು 600.4ರಲ್ಲಿದ್ದರೆ, ಅವೆರಡೂ ಬೆರೆತು 599.6 ಹಾಗೂ 600.8ರಲ್ಲಿ ಹುಸಿ ಸಂಕೇತ ಹುಟ್ಟುತ್ತದೆ. ಅಂದವಾಗಿ ಸಮಾಂತರದಲ್ಲಿ ಮೂರನೆಯದನ್ನು 600.8ಕ್ಕೆ ಇಟ್ಟರೆ ತೊಂದರೆಯನ್ನು ಕರೆದು ಕೂರಿಸಿದಂತೆ. ಅದನ್ನು 601.0ಕ್ಕೆ ಸರಿಸಿದರೆ ಈ ಘರ್ಷಣೆ ತಪ್ಪುತ್ತದೆ. ತಯಾರಕರೇ ಲೆಕ್ಕ ಹಾಕಿ ಕೊಟ್ಟಿರುವ ಒಂದೇ ಗ್ರೂಪಿನ ಚಾನೆಲ್‌ಗಳನ್ನು ಆರಿಸಿಕೊಂಡರೆ ಈ ಗಣಿತದ ಗೊಡವೆಯೇ ಬೇಡ.

ಪರೀಕ್ಷೆಯನ್ನು ಆಟ ನಡೆಯುವ ಸ್ಥಳದಲ್ಲೇ, ಜನರೇಟರ್, ಎಲ್‌ಇಡಿ ದೀಪ, ಪರದೆಗಳನ್ನೆಲ್ಲ ಹೊತ್ತಿಸಿಯೇ ಮಾಡಬೇಕು; ಅವುಗಳಿಂದಲೂ ಗದ್ದಲ ಹೊಮ್ಮುತ್ತದೆ. ಮೊದಲು ಎಲ್ಲ ಮೈಕುಗಳನ್ನು ಆರಿಸಿ ರಿಸೀವರ್ ಮಾತ್ರ ಚಾಲೂ ಮಾಡಿ. ಸಂಕೇತದ ಸೂಚಕ ಆಗಲೂ ಮಿನುಗಿದರೆ ಆ ಚಾನೆಲ್ ಬೇರೆಯವರದು. ಮಿನುಗದ ಚಾನೆಲ್ ಸಿಕ್ಕಿದ ಮೇಲೆ ಮೈಕುಗಳನ್ನು ಒಂದೊಂದಾಗಿ ಹಚ್ಚಿ, ಹಚ್ಚಿದ್ದನ್ನು ಆರಿಸದೆ ಮುಂದಿನದಕ್ಕೆ ಹೋಗಿ. ಕೊನೆಗೆ ಉಳಿದವೆಲ್ಲ ಚಾಲೂ ಇರುವಾಗ ಒಂದನ್ನು ಮಾತ್ರ ಆರಿಸಿ ನೋಡಿ. ಅದರ ರಿಸೀವರ್ ಇನ್ನೂ ಸಂಕೇತ ತೋರಿದರೆ ಚಾನೆಲ್ ಬದಲಿಸಿ.

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬಾ ಜಾತ್ರೆಯಂತಹ ಕಡೆ ಹತ್ತಿರದಲ್ಲೇ ಬೇರೆ ಧ್ವನಿವರ್ಧಕದವರೂ ಇರುತ್ತಾರೆ. ಪಕ್ಕದವರೊಡನೆ ಮೊದಲೇ ಮಾತಾಡಿ ಚಾನೆಲ್ ಹಂಚಿಕೊಳ್ಳುವುದು ಯಾವ ಯಂತ್ರಕ್ಕಿಂತಲೂ ಅಗ್ಗದ ಉಪಾಯ.

ರಿಸೀವರ್‌ನ ಆಂಟೆನಾಗಳು ರಂಗಕ್ಕೆ ನೇರವಾಗಿ ಕಾಣುವಂತೆ, ಜನರ ತಲೆಗಿಂತ ಎತ್ತರದಲ್ಲಿರಲಿ. ವೇಷಧಾರಿಯ ಸೊಂಟದ ಪೆಟ್ಟಿಗೆಯ ಆಂಟೆನಾ ಬೆವರಿದ ಮೈಗಾಗಲಿ, ಬೇಗಡೆ ಹಚ್ಚಿದ ಆಭರಣಕ್ಕಾಗಲಿ ಅಂಟಿಕೊಂಡಿರಬಾರದು. ಕುಳಿತಲ್ಲೇ ಹಾಡುವ ಭಾಗವತರಿಗೆ, ಮದ್ದಲೆ–ಚಂಡೆಗೆ, ತಾಳಮದ್ದಲೆಯ ಅರ್ಥಧಾರಿಗಳಿಗೆ ತಂತಿಯ ಮೈಕೇ ಸಾಕು. ವೈರ್‌ಲೆಸ್ ಕಡಿಮೆಯಾದಷ್ಟೂ ಉಳಿದವಕ್ಕೆ ಜಾಗ ಸಲೀಸು.