ಕೋಡ್ ದಾಖಲೆಯಲ್ಲಿ ‘ಮುದ್ದೇಬಿಹಾಳ’ ಏಕೆ ಚೌಕಗಳಾಗಿ ಕಾಣುತ್ತದೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳ ಹೆಸರನ್ನು ಪ್ರೋಗ್ರಾಮಿನ ದಾಖಲೆಯಲ್ಲಿ ಬರೆದಾಗ ಕೆಲವೊಮ್ಮೆ ಚೌಕ, ವಿಚಿತ್ರ ಅಕ್ಷರ ಅಥವಾ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ‘ಫೈಲ್ ಹಾಳಾಗಿದೆ’, ‘ವೈರಸ್ ಬಂದಿದೆ’ ಎಂದು ಹಲವರು ಭಾವಿಸುತ್ತಾರೆ. ಸಾಮಾನ್ಯವಾಗಿ ಎರಡೂ ನಿಜವಲ್ಲ.

ಕಂಪ್ಯೂಟರ್ ಕನ್ನಡವನ್ನು ಹೇಗೆ ಇಡುತ್ತದೆ?

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳಿವೆ. ಸ್ವರಚಿಹ್ನೆ, ವಿರಾಮಕ್ಕೂ ಪ್ರತ್ಯೇಕ ಸಂಕೇತ. ‘ಮುದ್ದೇಬಿಹಾಳ’ ಕಣ್ಣಿಗೆ ಐದಕ್ಷರ. ಕಂಪ್ಯೂಟರಿಗೆ 11 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 33. 30 ಬೈಟ್ ಮಾತ್ರ ಹಿಡಿಸುವ ಅಂಕಣದಲ್ಲಿ ಕೊನೆಯ ‘ಳ’ ಉಳಿಯುವುದಿಲ್ಲ.

ಲಕ್ಷಣ ನೋಡಿ ಕಾರಣ ತಿಳಿಯಿರಿ

- ಚೌಕಗಳು: ಮಾಹಿತಿ ಸರಿಯಿದೆ, ಕನ್ನಡ ಫಾಂಟ್ ಇಲ್ಲ.
- ಒತ್ತಕ್ಷರ ಬಿಡಿಬಿಡಿ: ಅಕ್ಷರ ಜೋಡಿಸುವ ವ್ಯವಸ್ಥೆ ಆ ಎಡಿಟರ್‌ನಲ್ಲಿ ಇಲ್ಲ. ಸಂಕೇತಗಳು ಸರಿಯಾಗಿಯೇ ಇರುತ್ತವೆ.
- ಗುರುತು ಹೊತ್ತ ಲ್ಯಾಟಿನ್ ಅಕ್ಷರಗಳು: ಯುಟಿಎಫ್-8 ಬೈಟ್‌ಗಳನ್ನು ಬೇರೆ ಪದ್ಧತಿಯಲ್ಲಿ ಓದಲಾಗಿದೆ, ಇಲ್ಲವೇ ಅದು ಹಳೆಯ ನುಡಿ ಫಾಂಟಿನ ಪಠ್ಯ. ಆ ಫಾಂಟು ಲ್ಯಾಟಿನ್ ಸಂಕೇತಗಳಿಗೆ ಕನ್ನಡದ ರೂಪ ಕೊಡುತ್ತಿತ್ತು. ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಬೇಕು.
- ಪ್ರಶ್ನಾರ್ಥಕ ಚಿಹ್ನೆಗಳ ಸಾಲು: ಅಪಾಯ ಇರುವುದು ಇಲ್ಲಿ. ಕನ್ನಡಕ್ಕೆ ಜಾಗವಿಲ್ಲದ ಪದ್ಧತಿಯಲ್ಲಿ ಉಳಿಸಿದಾಗ ‘ಮುದ್ದೇಬಿಹಾಳ’ 11 ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಮೂಲ ಪ್ರತಿ ಇಲ್ಲದಿದ್ದರೆ ಹೆಸರು ಮರಳಿ ಸಿಗದು.

ಏನು ಮಾಡಬೇಕು?

1. ಫೈಲನ್ನು ಯುಟಿಎಫ್-8 ಎಂದೇ ಉಳಿಸಿ. ವೆಬ್ ಪುಟದ ತಲೆಭಾಗದಲ್ಲೂ ಅದನ್ನೇ ಘೋಷಿಸಿ.
2. ಕೋಡ್ ಭಾಗಕ್ಕೆ ಇಂಗ್ಲಿಷ್ ಫಾಂಟಿನ ನಂತರ ಕನ್ನಡ ಫಾಂಟನ್ನೂ ಸೂಚಿಸಿ.
3. ಎಚ್‌ಟಿಎಂಎಲ್‌ನಲ್ಲಿ ‘ಕಡಿಮೆ’ ಚಿಹ್ನೆಯನ್ನು ನೇರವಾಗಿ ಬರೆದರೆ ಬ್ರೌಸರ್ ಅದನ್ನು ಟ್ಯಾಗ್ ಎಂದು ತಿಳಿದು ಮುಂದಿನ ಪದವನ್ನು ಮರೆಮಾಡಬಹುದು. ಅದಕ್ಕೆ ನಿಗದಿಯಾದ ಪರ್ಯಾಯ ಸಂಕೇತ ಬಳಸಿ.
4. ಒತ್ತಕ್ಷರ, ದೀರ್ಘ ಎರಡೂ ಇರುವ ‘ಮುದ್ದೇಬಿಹಾಳ’ದಂಥ ಹೆಸರಿನಿಂದ ಪರೀಕ್ಷಿಸಿ. ‘ಇಂಡಿ’ ಸರಿ ಕಂಡಿತೆಂದರೆ ಎಲ್ಲವೂ ಸರಿ ಎಂದಲ್ಲ.

ಫಲಾನುಭವಿಗಳ ಪಟ್ಟಿಯಲ್ಲಿ ಒಂದು ಅಕ್ಷರ ಹೋದರೂ ಹುಡುಕಾಟದಲ್ಲಿ ಆ ಹೆಸರು ಸಿಗದೆ ಹೋಗಬಹುದು. ಆದ್ದರಿಂದ ಪರದೆಯ ಮೇಲೆ ಕೆಟ್ಟ ಅಕ್ಷರ ಕಂಡರೆ ತಕ್ಷಣ ‘ಸೇವ್’ ಒತ್ತಬೇಡಿ. ಮೊದಲು ಮೂಲದ ಪ್ರತಿ ತೆಗೆದಿಡಿ, ಆಮೇಲೆ ಕಾರಣ ಹುಡುಕಿ.