ಫ್ಲ್ಯಾಶ್ ಕಾರ್ಟ್ರಿಜ್‌ಗಳಲ್ಲಿ ಆಟದ ಸ್ಮೃತಿರಕ್ಷಣೆ

ಅಂಗೈಯಲ್ಲಿ ಹಿಡಿದು ಆಡುವ ವಿಡಿಯೊ ಆಟದ ಯಂತ್ರಗಳಲ್ಲಿ, ಆಟಗಾರನು ಎಲ್ಲಿಯವರೆಗೆ ಮುಂದುವರಿದಿದ್ದಾನೆ, ಏನೇನನ್ನು ಸಂಪಾದಿಸಿದ್ದಾನೆ ಎಂಬ ವಿವರವನ್ನು ಯಂತ್ರವನ್ನು ಆರಿಸಿದ ಮೇಲೆಯೂ ಅಳಿಯದಂತೆ ಕಾಪಿಡುವ ವ್ಯವಸ್ಥೆಗೆ ಸ್ಮೃತಿರಕ್ಷಣೆಯೆಂದೂ, ಹಾಗೆ ಕಾಪಿಟ್ಟ ವಿವರಕ್ಕೆ ಬಳಕೆಯ ಮಾತಿನಲ್ಲಿ ‘ಸೇವ್’ ಎಂದೂ ಹೆಸರು. ಆಟವನ್ನು ಕಾರ್ಖಾನೆಯಲ್ಲಿಯೇ ಶಾಶ್ವತವಾಗಿ ಅಚ್ಚೊತ್ತದೆ, ಬೇಕಾದಾಗ ಅಳಿಸಿ ಬೇರೊಂದನ್ನು ಬರೆದುಕೊಳ್ಳಲು ಅನುಕೂಲವಾಗುವಂತೆ ರಚಿಸಿದ ಕಾರ್ಟ್ರಿಜ್ಜನ್ನು ಫ್ಲ್ಯಾಶ್ ಕಾರ್ಟ್ರಿಜ್ ಎನ್ನುವರು. ಒಂದೇ ಕಾರ್ಟ್ರಿಜ್ ಹಲವು ಆಟಗಳಿಗೆ ಮನೆಯಾದಾಗ ಅವುಗಳ ಸೇವ್‌ಗಳು ಒಂದನ್ನೊಂದು ತುಳಿಯದಂತೆ ಉಳಿಯುವುದು ಹೇಗೆಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಈ ಲೇಖನದ ವಸ್ತು.

ಮಗ್ಗದ ದೃಷ್ಟಾಂತ

ಈ ವಿಷಯದ ಮೂಲದಲ್ಲಿರುವ ಭೇದವನ್ನು ಗ್ರಹಿಸಲು ಗುಳೇದಗುಡ್ಡದ ಖಣ ನೇಯುವ ಮಗ್ಗದ ಮುಂದೆ ಒಂದು ಗಳಿಗೆ ನಿಂತರೆ ಸಾಕು. ಕುಪ್ಪಸದ ಬಟ್ಟೆಯಾದ ಖಣದ ಮೇಲೆ ತೇರು, ಆನೆಹೆಜ್ಜೆ, ಸೂರ್ಯನಾರಾಯಣ ಮೊದಲಾದ ಸಣ್ಣ ಚಿತ್ತಾರಗಳನ್ನು ಮೂಡಿಸುವುದು ಮಗ್ಗದ ಮೇಲಣ ಡಾಬಿ. ಅದರ ಮರದ ಪಟ್ಟಿಗಳಲ್ಲಿ ಎಲ್ಲಿ ಮೊಳೆಯಿದೆ, ಎಲ್ಲಿ ಇಲ್ಲ ಎಂಬುದನ್ನು ಅನುಸರಿಸಿ ಹಾಸಿನ ಯಾವ ಎಳೆಗಳು ಮೇಲೇಳಬೇಕು, ಯಾವುವು ಕೆಳಗುಳಿಯಬೇಕು ಎಂಬುದು ನಿಶ್ಚಿತವಾಗುವುದು. ಈ ಮೊಳೆಗಳ ವಿನ್ಯಾಸ ಒಂದು ಬಗೆಯ ಸ್ಮೃತಿ. ನೇಕಾರನು ಅದನ್ನು ದಿನವೂ ಬದಲಿಸುವುದಿಲ್ಲ. ಸಂಜೆ ಅವನು ಲಾಳಿಯನ್ನು ಇಳಿಸಿ ಎದ್ದಾಗ ಪಟ್ಟಿಗಳ ಸರಣಿ ಯಾವ ಪಟ್ಟಿಯಲ್ಲಿ ನಿಂತಿತ್ತೋ ಮರುದಿನ ಬೆಳಗ್ಗೆ ಅದೇ ಪಟ್ಟಿಯಲ್ಲಿ ನಿಂತಿರುವುದು. ಇದು ಮತ್ತೊಂದು ಬಗೆಯ ಸ್ಮೃತಿ. ಮೊದಲನೆಯದು ಆಟಕ್ಕೆ ಸಮಾನ, ಎರಡನೆಯದು ಸೇವ್‌ಗೆ ಸಮಾನ. ಮರದ ಪಟ್ಟಿಗೆ ತಾನು ನಿಂತ ಸ್ಥಳವನ್ನು ನೆನೆಯಲು ಯಾರ ಪೋಷಣೆಯೂ ಬೇಡ. ಎಲೆಕ್ಟ್ರಾನಿಕ್ ಯಂತ್ರಗಳಿಗೆ ಈ ಸಹಜಗುಣವನ್ನು ಗಳಿಸಿಕೊಡಲು ಎರಡು ದಶಕಗಳಿಗೂ ಮಿಕ್ಕಿ ಪ್ರಯತ್ನಪಡಬೇಕಾಯಿತು.

ಆರಂಭಕಾಲ

ಕಾರ್ಟ್ರಿಜ್ ಬದಲಿಸಿ ಆಡಬಹುದಾದ ಮೊದಲ ಕೈಯಂತ್ರ 1979ರಲ್ಲಿ ಅಮೆರಿಕದ ಮಿಲ್ಟನ್ ಬ್ರ್ಯಾಡ್ಲಿ ಸಂಸ್ಥೆಯವರು ಹೊರತಂದ ಮೈಕ್ರೋವಿಷನ್. ಅದರಲ್ಲಿ ಸೇವ್ ಎಂಬುದೇ ಇರಲಿಲ್ಲ. 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ನಿಂಟೆಂಡೊ ಸಂಸ್ಥೆಯ ಗೇಮ್‌ಬಾಯ್ ಯಂತ್ರದ ಸುಪ್ರಸಿದ್ಧ ಟೆಟ್ರಿಸ್ ಆಟವೂ ಓದಲು ಮಾತ್ರ ಬರುವ, ಕೇವಲ 32 ಕಿಲೋಬೈಟಿನ ರೋಮ್ ಚಿಪ್ಪಿನಲ್ಲಿ ಅಡಕವಾಗಿದ್ದು, ಗಳಿಸಿದ ಅತ್ಯಧಿಕ ಅಂಕವನ್ನು ಯಂತ್ರ ಆರಿದೊಡನೆ ಮರೆಯುತ್ತಿತ್ತು. ನಮ್ಮ ಪಟ್ಟಣಗಳ ಆಟಿಕೆ ಅಂಗಡಿಗಳಲ್ಲಿ 1990ರ ದಶಕದಲ್ಲಿ ಕಾಣಸಿಗುತ್ತಿದ್ದ ‘ಬ್ರಿಕ್ ಗೇಮ್’ ಯಂತ್ರಗಳೂ ಸೆಲ್ಲು ಬದಲಿಸಿದರೆ ಅಂಕವನ್ನು ಕಳೆದುಕೊಳ್ಳುತ್ತಿದ್ದುದನ್ನು ಆ ಕಾಲದ ಮಕ್ಕಳು ಬಲ್ಲರು.

ಟೆಲಿವಿಷನ್ನಿಗೆ ಜೋಡಿಸುವ ಯಂತ್ರಗಳಲ್ಲಿ ಆಟಗಾರನ ಕೈಗೆ ಒಂದು ಅಕ್ಷರಮಾಲೆಯನ್ನು ಕೊಟ್ಟು, ಮುಂದಿನ ಸಲ ಅದನ್ನೇ ಒಪ್ಪಿಸುವಂತೆ ಕೇಳುವ ಉಪಾಯ ಪ್ರಚಾರದಲ್ಲಿದ್ದಿತು. 1986ರ ‘ಡ್ರಾಗನ್ ಕ್ವೆಸ್ಟ್’ ಆಟದ ಜಪಾನೀ ಆವೃತ್ತಿ ಇದಕ್ಕೆ ಪ್ರಸಿದ್ಧ ನಿದರ್ಶನ. ಇಲ್ಲಿ ಸ್ಮೃತಿಯ ಭಾರವೆಲ್ಲ ಆಟಗಾರನ ನೋಟುಬುಕ್ಕಿನ ಮೇಲೆ ಬೀಳುತ್ತಿತ್ತು. ಒಂದು ಅಕ್ಷರ ತಪ್ಪಿದರೂ ವಾರಗಳ ಶ್ರಮ ವ್ಯರ್ಥವಾಗುತ್ತಿತ್ತು.

ಬಿಲ್ಲೆ ಸೆಲ್ಲಿನ ಕಾಲ

ಗೇಮ್‌ಬಾಯ್ ಕಾರ್ಟ್ರಿಜ್‌ಗಳು ಈ ಕೊರತೆಯನ್ನು ತುಂಬಿಕೊಂಡುದು ಸ್ಟ್ಯಾಟಿಕ್ ರ‍್ಯಾಮ್ ಮತ್ತು ಲಿಥಿಯಂ ಬಿಲ್ಲೆ ಸೆಲ್ಲುಗಳ ಕೂಟದಿಂದ. ಸ್ಟ್ಯಾಟಿಕ್ ರ‍್ಯಾಮ್ ಶೀಘ್ರವಾಗಿ ಬರೆಯಲೂ ಓದಲೂ ಬರುವ ಸ್ಮೃತಿ. ಆದರೆ ವಿದ್ಯುತ್ತು ತಪ್ಪಿದೊಡನೆ ಎಲ್ಲವನ್ನೂ ಮರೆಯುವ ಸ್ವಭಾವ ಅದರದು. ಆದಕಾರಣ ಯಂತ್ರ ಆರಿದಾಗ ಅದಕ್ಕೆ ಸೆಲ್ಲಿನ ಅಲ್ಪಧಾರೆಯನ್ನು ಉಣಿಸುವುದೂ, ವೋಲ್ಟೇಜು ಕುಸಿಯುವ ಸಂಧಿಕಾಲದಲ್ಲಿ ಅಡ್ಡಾದಿಡ್ಡಿ ಸಂಕೇತಗಳು ಬಂದು ಬರೆಹ ಕೆಡದಂತೆ ಬಾಗಿಲು ಮುಚ್ಚುವುದೂ ಅವಶ್ಯವಾಯಿತು. ಈ ಎರಡನೆಯ ಕೆಲಸಕ್ಕೆ ಪ್ರತ್ಯೇಕವಾದ ಒಂದು ಕಾವಲು ಚಿಪ್ಪನ್ನೇ ಇರಿಸುತ್ತಿದ್ದರು. ಸೆಲ್ಲಿನ ಆಯುಷ್ಯವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಸಿಆರ್2025 ಎಂಬ ಬಿಲ್ಲೆಯ ವ್ಯಾಸ 20 ಮಿಲಿಮೀಟರು, ದಪ್ಪ 2.5 ಮಿಲಿಮೀಟರು, ಧಾರಣಶಕ್ತಿ ಸುಮಾರು 160 ಮಿಲಿಆಂಪಿಯರ್-ಗಂಟೆ; ಸ್ಮೃತಿಯು ಒಂದು ಮೈಕ್ರೋಆಂಪಿಯರಿನಷ್ಟು ಧಾರೆಯನ್ನು ಎಳೆಯುವುದಾದರೆ ಅದು 1,60,000 ಗಂಟೆ, ಎಂದರೆ 18 ವರ್ಷಕ್ಕೆ ತುಸು ಮೇಲೆ, ಬಾಳಬೇಕು. ಸೆಲ್ಲು ತನ್ನಷ್ಟಕ್ಕೆ ಸವೆಯುವುದನ್ನೂ, ಚಿಪ್ಪಿನಿಂದ ಚಿಪ್ಪಿಗೆ ಧಾರೆ ವ್ಯತ್ಯಾಸವಾಗುವುದನ್ನೂ ಗಣಿಸಿದರೆ ಈ ಅವಧಿ ಹೆಚ್ಚುಕಡಿಮೆಯಾಗುವುದು.

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಪ್ರಕಟವಾದ ‘ಪೋಕೆಮಾನ್’ ಆಟದ ಕೆಂಪು ಮತ್ತು ಹಸಿರು ಆವೃತ್ತಿಗಳು 32 ಕಿಲೋಬೈಟಿನ ಇಂತಹ ಸ್ಮೃತಿಯನ್ನು ಆಶ್ರಯಿಸಿದ್ದುವು. 1999ರ ನವೆಂಬರ್ 21ರಂದು ಬಂದ ‘ಚಿನ್ನ’ ಮತ್ತು ‘ಬೆಳ್ಳಿ’ ಆವೃತ್ತಿಗಳಲ್ಲಿ ಹಗಲಿರುಳುಗಳನ್ನು ಎಣಿಸುವ ಗಡಿಯಾರವೂ ಅದೇ ಸೆಲ್ಲಿಗೆ ಜೋಡಿಸಲ್ಪಟ್ಟಿತು. ಒಂದೇ ಬುತ್ತಿಗೆ ಇಬ್ಬರು ಪಾಲುಗಾರರಾದುದರಿಂದ, ಹೊಸದಾಗಿದ್ದರೂ ಈ ಕಾರ್ಟ್ರಿಜ್‌ಗಳು ಮೊದಲಿನವುಗಳಿಗಿಂತ ಬೇಗನೆ ಮರೆವಿಗೆ ಗುರಿಯಾದುವು.

ಪೋಷಣೆಯಿಲ್ಲದೆ ನಿಲ್ಲುವ ಸ್ಮೃತಿ

ಸೆಲ್ಲಿನ ಹಂಗಿಲ್ಲದ ಸ್ಮೃತಿಯ ಬೀಜ 1967ರಷ್ಟು ಹಿಂದಿನದು. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಸ್ಝೆ ಎಂಬ ವಿಜ್ಞಾನಿಗಳು, ಸುತ್ತಲೂ ನಿರೋಧಕದಿಂದ ಆವೃತವಾದ ‘ತೇಲುವ ಗೇಟ್’ ಒಂದರಲ್ಲಿ ವಿದ್ಯುದಾವೇಶವನ್ನು ಸೆರೆಹಿಡಿದು ಬಹುಕಾಲ ಉಳಿಸಬಹುದೆಂದು ತೋರಿಸಿದರು. ಈ ತತ್ತ್ವದಿಂದ, ವಿದ್ಯುತ್ತಿನಿಂದಲೇ ಅಳಿಸಿ ಮತ್ತೆ ಬರೆಯಬಹುದಾದ ಇಇಪ್ರೋಮ್ ಎಂಬ ಸ್ಮೃತಿ ಹುಟ್ಟಿತು. ಅನಂತರ ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಾಸುವೊಕ 1984ರಲ್ಲಿ ಫ್ಲ್ಯಾಶ್ ಸ್ಮೃತಿಯನ್ನು ವಿದ್ವತ್ಸಭೆಯ ಮುಂದಿಟ್ಟರು. ದೊಡ್ಡದೊಂದು ಭಾಗವನ್ನು ಒಮ್ಮೆಗೇ ಅಳಿಸುವ ಕ್ರಿಯೆ ಕ್ಯಾಮರಾದ ಮಿಂಚನ್ನು ನೆನಪಿಸಿದುದರಿಂದ ಈ ಹೆಸರು ಬಂದಿತು.

2001ರ ಮಾರ್ಚ್ 21ರಂದು ಬಂದ ಗೇಮ್‌ಬಾಯ್ ಅಡ್ವಾನ್ಸ್ ಯಂತ್ರದ ಕಾರ್ಟ್ರಿಜ್‌ಗಳಲ್ಲಿ ಮೂರು ಬಗೆಯ ಸ್ಮೃತಿಗಳು ಜೊತೆಜೊತೆಗೆ ಬಳಕೆಯಲ್ಲಿದ್ದುವು: 32 ಕಿಲೋಬೈಟಿನ ಸ್ಟ್ಯಾಟಿಕ್ ರ‍್ಯಾಮ್, 512 ಬೈಟು ಅಥವಾ 8 ಕಿಲೋಬೈಟಿನ ಇಇಪ್ರೋಮ್, 64 ಅಥವಾ 128 ಕಿಲೋಬೈಟಿನ ಫ್ಲ್ಯಾಶ್. ಈ ಮೂರರ ನಡೆನುಡಿ ಬೇರೆಬೇರೆ. ಸ್ಟ್ಯಾಟಿಕ್ ರ‍್ಯಾಮಿಗೆ ನೇರವಾಗಿ ಬರೆಯಬಹುದು. ಇಇಪ್ರೋಮ್ ಒಂದೊಂದೇ ಬಿಟ್ಟನ್ನು ಸಾಲಾಗಿ ಸ್ವೀಕರಿಸುವುದು. ಫ್ಲ್ಯಾಶ್‌ನಲ್ಲಾದರೋ ಸಾಮಾನ್ಯವಾಗಿ 4096 ಬೈಟುಗಳ ಒಂದು ಖಂಡವನ್ನು ಪೂರ್ತಿ ಅಳಿಸಿದ ಹೊರತು ಹೊಸ ಬರೆಹಕ್ಕೆ ಎಡೆಯಿಲ್ಲ. ಅಳಿಸುವುದಕ್ಕೂ ಬರೆಯುವುದಕ್ಕೂ ನಡುವೆ ವಿದ್ಯುತ್ತು ತಪ್ಪಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂಬ ಅವಸ್ಥೆ ಒದಗುವುದು. ಈ ಅಪಾಯವನ್ನು ನಿವಾರಿಸಲು 2002ರ ‘ರೂಬಿ’ ಮತ್ತು ‘ಸಫೈರ್’ ಪೋಕೆಮಾನ್ ಆಟಗಳಲ್ಲಿ ತಲಾ 14 ಖಂಡಗಳ ಎರಡು ಗುಂಪುಗಳನ್ನಿರಿಸಿ, ಒಮ್ಮೆ ಒಂದರಲ್ಲಿ, ಮತ್ತೊಮ್ಮೆ ಇನ್ನೊಂದರಲ್ಲಿ ಬರೆದು, ಪ್ರತಿಯೊಂದಕ್ಕೂ ಕ್ರಮಾಂಕವನ್ನೂ ತಾಳೆಯ ಮೊತ್ತವನ್ನೂ ಲಗತ್ತಿಸಿದರು. ಹೊಸ ಪ್ರತಿ ಕೆಟ್ಟಿದ್ದರೆ ಆಟವು ಹಳೆಯ ಪ್ರತಿಗೆ ಹಿಂದಿರುಗುವುದು. ಈ ಆಟಗಳಲ್ಲಿಯೂ ಸೆಲ್ಲು ಇದ್ದಿತಾದರೂ ಅದು ಪೋಷಿಸುತ್ತಿದ್ದುದು ಗಡಿಯಾರವನ್ನು ಮಾತ್ರ; ಸೆಲ್ಲು ಬತ್ತಿದರೆ ಕಾಲ ನಿಲ್ಲುತ್ತಿತ್ತೇ ಹೊರತು ಸೇವ್ ಅಳಿಯುತ್ತಿರಲಿಲ್ಲ.

ಅಧಿಕೃತ ಫ್ಲ್ಯಾಶ್ ಕಾರ್ಟ್ರಿಜ್

ಫ್ಲ್ಯಾಶ್ ಕಾರ್ಟ್ರಿಜ್ ಎಂದೊಡನೆ ಕಳ್ಳಪ್ರತಿಯ ನೆನಪಾಗುವುದು ವಾಡಿಕೆಯಾದರೂ, ತಯಾರಕರೇ ಅದನ್ನು ಮಾರಿದ ಉದಾಹರಣೆಗಳಿವೆ. ಜಪಾನಿನ ಲಾಸನ್ ಅಂಗಡಿಗಳ ಯಂತ್ರಗಳಲ್ಲಿ ಹಣ ತೆತ್ತು ಖಾಲಿ ಕಾರ್ಟ್ರಿಜ್ಜಿಗೆ ಆಟಗಳನ್ನು ತುಂಬಿಸಿಕೊಳ್ಳುವ ‘ನಿಂಟೆಂಡೊ ಪವರ್’ ಎಂಬ ಸೇವೆ 1997ರಲ್ಲಿ ಆರಂಭವಾಗಿ, 2000ದ ಮಾರ್ಚಿನಲ್ಲಿ ಗೇಮ್‌ಬಾಯಿಗೂ ವಿಸ್ತರಿಸಿ, 2007ರ ಫೆಬ್ರವರಿಯಲ್ಲಿ ಮುಕ್ತಾಯಗೊಂಡಿತು. ಅದರ ಗೇಮ್‌ಬಾಯ್ ಕಾರ್ಟ್ರಿಜ್ಜಿನಲ್ಲಿ ಆಟಗಳಿಗಾಗಿ ಒಂದು ಮೆಗಾಬೈಟಿನ ಫ್ಲ್ಯಾಶ್, ಸೇವ್‌ಗಳಿಗಾಗಿ ಸೆಲ್ಲಿನಿಂದ ಪೋಷಿತವಾದ 128 ಕಿಲೋಬೈಟಿನ ಸ್ಟ್ಯಾಟಿಕ್ ರ‍್ಯಾಮ್ ಇದ್ದುವು. ಫ್ಲ್ಯಾಶ್‌ನ ಎಂಟು ಪಾಲುಗಳಲ್ಲಿ ಒಂದು ಆಯ್ಕೆಯ ಪಟ್ಟಿಗೆ ಹೋಗಿ, ಏಳು ಸಣ್ಣ ಆಟಗಳಿಗೆ ಸ್ಥಳವಿರುತ್ತಿತ್ತು. ಯಾವ ಆಟಕ್ಕೆ ರ‍್ಯಾಮಿನ ಯಾವ ಪಾಲು ಎಂಬುದನ್ನು ಕಾರ್ಟ್ರಿಜ್ಜಿನೊಳಗಿನ ನಿಯಂತ್ರಕ ಚಿಪ್ಪು ನೋಡಿಕೊಳ್ಳುತ್ತಿತ್ತು. ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು: ಇದರಲ್ಲಿ ಆಟ ಫ್ಲ್ಯಾಶ್‌ನಲ್ಲಿದ್ದು ಸೇವ್ ಸೆಲ್ಲನ್ನು ನಂಬಿದ್ದಿತು, ‘ರೂಬಿ’ಯಂತಹ ಸಾಮಾನ್ಯ ಕಾರ್ಟ್ರಿಜ್ಜಿನಲ್ಲಾದರೋ ಆಟ ಅಳಿಸಲಾಗದ ರೋಮ್‌ನಲ್ಲಿದ್ದು ಸೇವ್ ಫ್ಲ್ಯಾಶ್‌ನಲ್ಲಿದ್ದಿತು. ಆದುದರಿಂದ ಫ್ಲ್ಯಾಶ್ ಕಾರ್ಟ್ರಿಜ್ ಎಂಬ ಹೆಸರು ಸೇವ್ ಎಲ್ಲಿದೆಯೆಂಬುದನ್ನು ಹೇಳುವುದಿಲ್ಲ.

ಅನಧಿಕೃತ ಕಾರ್ಟ್ರಿಜ್‌ಗಳು ಮತ್ತು ತೇಪೆಯ ಉಪಾಯ

ಗೇಮ್‌ಬಾಯ್ ಅಡ್ವಾನ್ಸಿಗಾಗಿ ಇತರರು ತಯಾರಿಸಿದ ಕಾರ್ಟ್ರಿಜ್‌ಗಳ ಮುಂದೆ ಕಠಿನವಾದ ಒಂದು ಸಮಸ್ಯೆಯಿದ್ದಿತು. ಮೂರು ಬಗೆಯ ಸ್ಮೃತಿಯನ್ನು ನಿರೀಕ್ಷಿಸುವ ಆಟಗಳು ಒಂದೆಡೆ, ಕಾರ್ಟ್ರಿಜ್ಜಿನಲ್ಲಿರುವ ಒಂದೇ ಬಗೆಯ ಸ್ಟ್ಯಾಟಿಕ್ ರ‍್ಯಾಮ್ ಇನ್ನೊಂದೆಡೆ. ಆಟವನ್ನು ಕಂಪ್ಯೂಟರಿನಿಂದ ಕಾರ್ಟ್ರಿಜ್ಜಿಗೆ ತುಂಬುವ ಮುನ್ನ ಅದರಲ್ಲಿ ಸೇವ್ ಬರೆಯುವ ಭಾಗವನ್ನು ಹುಡುಕಿ, ಅದರ ಸ್ಥಾನದಲ್ಲಿ ಸ್ಟ್ಯಾಟಿಕ್ ರ‍್ಯಾಮಿಗೆ ಬರೆಯುವ ಕ್ರಮವಿಧಿಯನ್ನು ಸೇರಿಸುವುದೇ ಇದಕ್ಕೆ ಕಂಡುಕೊಂಡ ಪರಿಹಾರ. ಇದನ್ನು ‘ಪ್ಯಾಚ್’, ಎಂದರೆ ತೇಪೆ, ಎಂದು ಕರೆದರು. ಆಟದ ಒಡಲಿನಲ್ಲಿಯೇ ಸ್ಮೃತಿಯ ಬಗೆಯ ಹೆಸರು ಅಕ್ಷರರೂಪದಲ್ಲಿ ಇರುತ್ತಿದ್ದುದರಿಂದ ಹುಡುಕುವ ಕೆಲಸ ಸುಲಭವಾಯಿತು. ತೇಪೆಯೆಂಬ ಹೆಸರಿಗಿಂತ ಇಳಕಲ್ಲಿನ ಸೀರೆಯ ಕೊಂಡಿ ಇದಕ್ಕೆ ಹೆಚ್ಚು ಹೊಂದುವ ಉಪಮಾನ: ಅಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದರಿಂದ ಲಾಳಿಯು ಎರಡನ್ನೂ ಒಂದೇ ಬಟ್ಟೆಯೆಂಬಂತೆ ದಾಟಿಹೋಗುವುದು; ಇಲ್ಲಿಯೂ ಆಟಕ್ಕೆ ತಾನು ಬೇರೆ ಸ್ಮೃತಿಗೆ ಬರೆಯುತ್ತಿರುವೆನೆಂಬ ಅರಿವು ಬರುವುದಿಲ್ಲ.

ಈ ರ‍್ಯಾಮ್ ಎಲ್ಲ ಆಟಗಳಿಗೂ ಸಾಮಾನ್ಯವಾದುದರಿಂದ, ಒಂದು ಆಟದ ಸೇವ್ ಅನ್ನು ಬೇರೆಡೆಗೆ ಸಾಗಿಸದೆ ಇನ್ನೊಂದನ್ನು ತೆರೆದರೆ ಮೊದಲನೆಯದು ಅಳಿದುಹೋಗುವ ಭಯವಿದ್ದಿತು. ಮೊದಮೊದಲು ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ನಕಲು ತೆಗೆಯಬೇಕಾಗುತ್ತಿತ್ತು. ಆಮೇಲೆ ‘ಇಝೆಡ್-ಫ್ಲ್ಯಾಶ್ 4’ರಂತಹ ಕಾರ್ಟ್ರಿಜ್‌ಗಳು ಮೆಮೊರಿ ಕಾರ್ಡನ್ನು ಒಳಗೊಂಡುವು. ಅವುಗಳಲ್ಲಿ ಆಡುವಾಗ ಸೇವ್ ರ‍್ಯಾಮಿಗೆ ಹೋಗಿ, ಯಂತ್ರವನ್ನು ಮರುಬಾರಿ ಹೊತ್ತಿಸಿದಾಗ ಆಯ್ಕೆಯ ಪಟ್ಟಿಯ ಕ್ರಮವಿಧಿಯು ಅದನ್ನು ಕಾರ್ಡಿನಲ್ಲಿ ಕಡತವಾಗಿ ಬರೆಯುವುದು. ಎರಡು ಆಟಗಳ ನಡುವಣ ಕಾಲವನ್ನು ಕಾಯುವುದು ಅದೇ ಹಳೆಯ ಬಿಲ್ಲೆ ಸೆಲ್ಲು. ಅದು ಬತ್ತಿದ್ದರೆ ಕಾರ್ಡಿಗೆ ಇಳಿಯುವುದು ಅರ್ಥವಿಲ್ಲದ ಅಂಕೆಗಳು. ಸೆಲ್ಲು ಇಲ್ಲದ ಕೆಲವು ಕಾರ್ಟ್ರಿಜ್‌ಗಳಲ್ಲಿ ಆಟಗಾರನು ಆರಿಸುವ ಮುನ್ನ ಆಯ್ಕೆಯ ಪಟ್ಟಿಗೆ ಹಿಂದಿರುಗುವುದು ಅನಿವಾರ್ಯವಾಯಿತು.

ಸೇವ್ ಕಡತವಾದುದು

2004ರ ನವೆಂಬರಿನಲ್ಲಿ ಬಂದ ನಿಂಟೆಂಡೊ ಡಿಎಸ್ ಯಂತ್ರದಲ್ಲಿ ಸೇವ್ ಚಿಪ್ಪು ಒಂದು ಸರಣಿಮಾರ್ಗದ ಮೂಲಕ ಆಟದೊಡನೆ ಸಂಭಾಷಿಸುತ್ತಿತ್ತು. ‘ಆರ್4’ ಮೊದಲಾದ ಕಾರ್ಡುಗಳು ಈ ಆಜ್ಞೆಗಳನ್ನು ನಡುದಾರಿಯಲ್ಲಿ ತಡೆದು, ಬರೆಹವನ್ನು ನೇರವಾಗಿ ಮೈಕ್ರೋಎಸ್‌ಡಿ ಕಾರ್ಡಿನ ಕಡತಕ್ಕೆ ತಿರುಗಿಸಿದುವು. ಸೆಲ್ಲೂ ಬೇಡ, ಮರುಹೊತ್ತಿಸುವಿಕೆಯೂ ಬೇಡ. ಹೀಗೆ ಪ್ರತಿ ಆಟಕ್ಕೂ ತನ್ನದೇ ಕಡತ ದೊರೆತು, ಅದನ್ನು ಕಂಪ್ಯೂಟರಿಗೆ ನಕಲಿಸುವುದೂ ಹಳೆಯ ಘಟ್ಟಕ್ಕೆ ಹಿಂದಿರುಗಿಸುವುದೂ ಸಾಧ್ಯವಾಯಿತು. ಸೇವ್ ಕಾರ್ಟ್ರಿಜ್ಜಿನಿಂದ ಬೇರ್ಪಟ್ಟು ಸ್ವತಂತ್ರ ವಸ್ತುವಾದುದೇ ಫ್ಲ್ಯಾಶ್ ಕಾರ್ಟ್ರಿಜ್‌ಗಳು ಈ ಚರಿತ್ರೆಗೆ ಕೊಟ್ಟ ಮುಖ್ಯ ಕಾಣಿಕೆ.

ಆದರೆ ಈ ಕಾರ್ಡುಗಳಿಂದ ಆಟಗಳ ಕಳ್ಳಪ್ರತಿಗಳು ವಿಪುಲವಾಗಿ ಹರಡಿದುವು. ನಿಂಟೆಂಡೊ ಮತ್ತು 54 ಆಟತಯಾರಕ ಸಂಸ್ಥೆಗಳು ಹೂಡಿದ ದಾವೆಯಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ 2009ರ ಫೆಬ್ರವರಿ 27ರಂದು ಇಂತಹ ಕಾರ್ಡುಗಳ ಮಾರಾಟವನ್ನು ನಿಷೇಧಿಸಿತು. 2010ರ ಜುಲೈಯಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವೂ ಇದೇ ದಿಕ್ಕಿನಲ್ಲಿ ತೀರ್ಪಿತ್ತಿತು.

ಈಗಿನ ಸ್ಥಿತಿ

ಹಳೆಯ ಯಂತ್ರಗಳ ಅಭಿಮಾನಿಗಳು ಸ್ಟ್ಯಾಟಿಕ್ ರ‍್ಯಾಮಿನ ಸ್ಥಾನದಲ್ಲಿ ಎಫ್‌ರ‍್ಯಾಮ್ ಎಂಬ ಫೆರೋಎಲೆಕ್ಟ್ರಿಕ್ ಸ್ಮೃತಿಯನ್ನು ಕೂರಿಸುವ ಪದ್ಧತಿಯೂ ಬಳಕೆಗೆ ಬಂದಿದೆ. ಅದು ರ‍್ಯಾಮಿನಂತೆ ಶೀಘ್ರಗಾಮಿ, ಡಾಬಿಯ ಪಟ್ಟಿಯಂತೆ ಪೋಷಣೆಯನ್ನು ಬೇಡದ್ದು. ಫ್ಲ್ಯಾಶ್ ತಾಳುವ ಬರೆಹಗಳ ಸಂಖ್ಯೆ ಲಕ್ಷದ ಆಸುಪಾಸಿನದಾದರೆ ಇದು ತಾಳುವುದು ಲಕ್ಷ ಕೋಟಿಯ ಪ್ರಮಾಣದ್ದು. ಮೂಲ ಕಾರ್ಟ್ರಿಜ್‌ಗಳಲ್ಲಿ ಮಾತ್ರ 1990ರ ದಶಕದ ಸೆಲ್ಲುಗಳು ತಮ್ಮ ಗಣಿತದ ಅವಧಿಯನ್ನು ಮೀರಿ ಒಂದೊಂದಾಗಿ ಬತ್ತುತ್ತಿವೆ. ಬತ್ತುತ್ತಿರುವ ಸೆಲ್ಲನ್ನು ಬದಲಿಸುವುದು ಬೆಸುಗೆ ಬಲ್ಲವರಿಗೆ ಅಲ್ಪಕಾಲದ ಕೆಲಸ. ಆದರೆ ಸೆಲ್ಲನ್ನು ಕಿತ್ತೊಡನೆ ರ‍್ಯಾಮ್ ಮರೆಯುವುದು. ಆದಕಾರಣ ಮನೆಯ ಪೆಟ್ಟಿಗೆಯಲ್ಲಿ ಇಂತಹ ಕಾರ್ಟ್ರಿಜ್ ಉಳಿದಿರುವವರು ಮೊದಲು ಓದುಸಾಧನದ ಮೂಲಕ ಸೇವ್‌ನ ಪ್ರತಿಯನ್ನು ತೆಗೆದಿಟ್ಟು, ಆಮೇಲೆ ಸೆಲ್ಲಿಗೆ ಕೈಹಚ್ಚತಕ್ಕದ್ದು; ಈ ಕ್ರಮ ತಪ್ಪಿದರೆ, ಹೊಸ ಸೆಲ್ಲು ಕಾಯುವುದಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ.