ಛತ್ರಿ ಕೊಟ್ಟು ಕೊಂಡ ಊರು

ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್‌ಗೆ ಹೋಗುವ ಪ್ಲ್ಯಾನ್ ಇದ್ರೆ ಬ್ಯಾಗಲ್ಲಿ ಛತ್ರಿ ಇಡಬೇಡಿ, ಜರ್ಕಿನ್ ಇಡಿ. ಎರಡು ದೊಡ್ಡ ದ್ವೀಪಗಳ ನಡುವಿನ ಕುಕ್ ಜಲಸಂಧಿಯಲ್ಲಿ ಗಾಳಿ ಕೊಳವೆಯೊಳಗೆ ನುಗ್ಗಿದ ಹಾಗೆ ನುಗ್ಗುತ್ತೆ. ಛತ್ರಿ ಬಿಚ್ಚಿದರೆ ಕೈಯಲ್ಲಿ ಕಡ್ಡಿ ಮಾತ್ರ ಉಳಿಯುತ್ತೆ.

ತಮಾಷೆ ಏನು ಗೊತ್ತಾ? ಈ ಊರನ್ನು ಕೊಳ್ಳುವಾಗ ಕೊಟ್ಟ ಸಾಮಾನುಗಳಲ್ಲಿ ಛತ್ರಿಯೂ ಇತ್ತು.

1839ರಲ್ಲಿ ಲಂಡನ್ನಿನ ನ್ಯೂಜಿಲೆಂಡ್ ಕಂಪನಿಯ 'ಟೋರಿ' ಹಡಗು ಇಲ್ಲಿಗೆ ಬಂತು. ಮಾವೋರಿ ಮುಖಂಡರಿಗೆ ಬಂದೂಕು, ಕಂಬಳಿ, ತಂಬಾಕು, ಸೋಪು, ಛತ್ರಿ ಕೊಟ್ಟು, ಕಾಗದವೊಂದಕ್ಕೆ ಗುರುತು ಹಾಕಿಸಿಕೊಂಡು, ಬಂದರಿನ ಸುತ್ತಲಿನ ನೆಲವೆಲ್ಲ ನಮ್ಮದು ಅಂದುಬಿಟ್ಟಿತು ಕಂಪನಿ. 1840ರ ಜನವರಿಯಲ್ಲಿ ವಲಸಿಗರ ಮೊದಲ ಹಡಗು ಬಂತು. ಆ ವರ್ಷವೇ ಊರಿಗೆ ವೆಲ್ಲಿಂಗ್ಟನ್ ಅಂತ ಹೆಸರೂ ಆಯ್ತು. ಅದಕ್ಕೆ ಮೊದಲೇ ಈ ಜಾಗಕ್ಕೆ ಹೆಸರಿತ್ತು: ತೆ ಫಂಗನುಯಿ ಆ ತಾರಾ, ಅಂದ್ರೆ ತಾರಾನ ದೊಡ್ಡ ಬಂದರು.

ಈ ವೆಲ್ಲಿಂಗ್ಟನ್ ನಮಗೂ ಗೊತ್ತಿರುವವನೇ. ಡ್ಯೂಕ್ ಆಗುವ ಮೊದಲು ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆ ತೋಪಿನಲ್ಲಿ, ಕತ್ತಲಲ್ಲಿ ದಾರಿ ಕಾಣದೆ ಟಿಪ್ಪುವಿನ ಸೈನಿಕರಿಂದ ಪೆಟ್ಟು ತಿಂದು ಹಿಂದೆ ಸರಿದವನು. ಕೋಟೆ ಬಿದ್ದ ಮೇಲೆ ಪಟ್ಟಣದ ಉಸ್ತುವಾರಿ ಸಿಕ್ಕಿದ್ದೂ ಅವನಿಗೇ. ನ್ಯೂಜಿಲೆಂಡಿಗೆ ಅವನು ಒಮ್ಮೆಯೂ ಕಾಲಿಟ್ಟಿಲ್ಲ. ವಸಾಹತು ಕಟ್ಟುವ ಕಂಪನಿಯವರ ತತ್ವವನ್ನು ಬೆಂಬಲಿಸಿದ್ದಕ್ಕೆ ಒಂದು ಊರು ಅವನ ಹೆಸರಿಗೆ ಹೋಯ್ತು, ಅಷ್ಟೇ. ನಮ್ಮಲ್ಲೂ ಹಾಗೇ ತಾನೇ? ಪೂರ್ಣಯ್ಯನವರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಕಲ್ಲಿನ ಸೇತುವೆಗೆ ಇವನ ಅಣ್ಣ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿದೆ.

ಹೆಸರು ಯಾರದಾದರೂ ಇರಲಿ, ನೆಲ ಮಾತ್ರ ಯಾರ ಮಾತೂ ಕೇಳಲಿಲ್ಲ. 1855ರ ಜನವರಿಯಲ್ಲಿ 8.2 ತೀವ್ರತೆಯ ಭೂಕಂಪ ಕರಾವಳಿಯನ್ನೇ ಮೇಲೆತ್ತಿತು. ಇವತ್ತು ಆಫೀಸು, ಅಂಗಡಿಗಳಿರುವ ಲ್ಯಾಂಬ್ಟನ್ ಕೀ ರಸ್ತೆ ಒಂದು ಕಾಲಕ್ಕೆ ಸಮುದ್ರದ ದಡ. ಹಳೇ ದಡ ಎಲ್ಲಿತ್ತು ಅಂತ ಫುಟ್‌ಪಾತಿನಲ್ಲಿ ಫಲಕ ಹಾಕಿದ್ದಾರೆ, ನೋಡ್ಕೊಂಡು ನಡೀರಿ. ಹಡಗು ನಿಲ್ಲಿಸೋಕೆ ಅಂತ ಗುರುತು ಮಾಡಿದ್ದ ಕೊಳವೂ ಮೇಲೆದ್ದು, ಕೊನೆಗೆ ಬೇಸಿನ್ ರಿಸರ್ವ್ ಕ್ರಿಕೆಟ್ ಮೈದಾನವಾಯ್ತು. 1968ರಲ್ಲಿ ನಮ್ಮ ಪ್ರಸನ್ನ ಇದ್ದ ಭಾರತ ತಂಡ ಟೆಸ್ಟ್ ಗೆದ್ದದ್ದು ಆ ಕೊಳದ ಮೇಲೆಯೇ!

ಕಾಫಿಗೆ ಕ್ಯೂಬಾ ಸ್ಟ್ರೀಟಿಗೆ ಹೋಗಿ. ಕ್ಯಾಸ್ಟ್ರೋನ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. 1840ರಲ್ಲಿ ಸರ್ವೆಯವರನ್ನು ಹೊತ್ತು ತಂದ ಹಡಗಿನ ಹೆಸರು ಅದು. ಫಿಲ್ಟರ್ ಕಾಫಿಯ ನಾಲಿಗೆಗೆ ಫ್ಲ್ಯಾಟ್ ವೈಟ್ ಬೇಗ ಒಗ್ಗುತ್ತೆ. ಸಿನಿಮಾ ಹುಚ್ಚಿದ್ರೆ ಮಿರಮಾರ್‌ನಲ್ಲಿ 'ಲಾರ್ಡ್ ಆಫ್ ದಿ ರಿಂಗ್ಸ್'ಗೆ ಕತ್ತಿ, ಕವಚ ಮಾಡಿದ ವೇಟಾ ವರ್ಕ್‌ಶಾಪ್ ಇದೆ. ದಡದಲ್ಲಿ 1998ರಲ್ಲಿ ತೆರೆದ ತೆ ಪಾಪಾ ಮ್ಯೂಸಿಯಂ ಇದೆ.

ಆದರೆ ನನಗೆ ಈ ಊರು ಇಷ್ಟವಾಗೋದು ಇನ್ನೊಂದು ಕಾರಣಕ್ಕೆ. 2003ರಲ್ಲಿ ವೈತಾಂಗಿ ನ್ಯಾಯಮಂಡಳಿ ಆ 1839ರ ಕಾಗದ ಊರ್ಜಿತವೇ ಅಲ್ಲ ಅಂತ ಹೇಳಿತು. 2009ರಲ್ಲಿ ಕಾನೂನೇ ಆಗಿ, ಸರ್ಕಾರ ಆ ಜನರ ಕ್ಷಮೆ ಕೇಳಿ, ಪರಿಹಾರ ಕೊಟ್ಟಿತು. ಹೋದ ನೆಲವೆಲ್ಲ ವಾಪಸ್ ಬರಲಿಲ್ಲ, ನಿಜ. ಆದ್ರೂ 170 ವರ್ಷದ ಹಿಂದಿನ ಛತ್ರಿಯ ಲೆಕ್ಕವನ್ನು ಮತ್ತೆ ತೆಗೆದು ನೋಡಿ, ತಪ್ಪು ನಮ್ಮದು ಅಂತ ಬರೆದುಕೊಡೋದು ಸಣ್ಣ ಮಾತಲ್ಲ.